ಸದ್ದು ಮಾಡುವ ಡಿಫರೆನ್ಷಿಯಲ್: ಮೊದಲು ಅಳತೆ, ಆಮೇಲೆ ಖರ್ಚು

ಹಳೆಯ ಮೋಟಾರು ವಾಹನದ ಹಿಂಭಾಗದಿಂದ ಗುಂಯ್ ಎಂಬ ಸದ್ದು ಏಳತೊಡಗಿದರೆ ಅದರ ಒಡೆಯನಿಗೆ ಎರಡು ಬಗೆಯ ಸಲಹೆಗಳು ದೊರೆಯುತ್ತವೆ. "ಡಿಫರೆನ್ಷಿಯಲ್ ಹೋಯಿತು, ಇಡೀ ಸೆಟ್ಟನ್ನೇ ಹೊಸದು ಹಾಕಿಸಿ" ಎಂಬುದು ಒಂದು. "ಸದ್ದು ತಾನೆ, ಓಡುವಷ್ಟು ದಿನ ಓಡಲಿ" ಎಂಬುದು ಇನ್ನೊಂದು. ಮೊದಲನೆಯದು ಹಣಕ್ಕೆ ಕುತ್ತು. ಎರಡನೆಯದು ಕೆಲವೊಮ್ಮೆ ಪ್ರಾಣಕ್ಕೇ ಕುತ್ತು. ಇವೆರಡರ ನಡುವೆ ಮೂರನೆಯ ಹಾದಿಯೊಂದುಂಟು. ಸದ್ದಿನ ಕಾರಣವನ್ನು ಅಳೆದು ತಿಳಿಯುವುದು, ಕೆಟ್ಟುದನ್ನು ಮಾತ್ರ ಬದಲಿಸುವುದು, ಉಳಿದುದನ್ನು ಇದ್ದ ಸ್ಥಾನದಲ್ಲಿಯೇ ಮರಳಿ ಕೂರಿಸುವುದು. ಈ ಕೆಲಸವನ್ನು ಮನೆಯಂಗಳದಲ್ಲಿ, ಮಿತವಾದ ಖರ್ಚಿನಲ್ಲಿ ಮಾಡಬಹುದು. ಅದಕ್ಕೆ ದುಬಾರಿ ಉಪಕರಣಗಳಿಗಿಂತ ವಿಜ್ಞಾನದ ಶಿಸ್ತು ಹೆಚ್ಚು ಬೇಕು ಎಂಬುದು ನಮ್ಮ ಮತ.

ಇಂದಿನ ಸಣ್ಣ ಕಾರುಗಳಲ್ಲಿ ಬಹುಪಾಲು ಮುಂದಿನ ಚಕ್ರಗಳಿಂದ ನಡೆಯತಕ್ಕವು; ಅವುಗಳ ಡಿಫರೆನ್ಷಿಯಲ್ ಗೇರುಪೆಟ್ಟಿಗೆಯೊಳಗೇ ಅಡಗಿರುತ್ತದೆ. ಆದರೆ 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರಿನಲ್ಲಿಯೂ, ಮಹೀಂದ್ರ ಸಂಸ್ಥೆಯು 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಜೋಡಿಸತೊಡಗಿದ ವಿಲ್ಲಿಸ್ ಜೀಪಿನ ಸಂತತಿಯಲ್ಲಿಯೂ ಅದು ಹಿಂದಿನ ಅಚ್ಚಿನ ನಡುವೆ, ಕುಂಬಳಕಾಯಿಯಂತೆ ಉಬ್ಬಿದ ಕವಚದೊಳಗೆ ಇರುತ್ತದೆ. ಮಲೆನಾಡಿನ, ಕೊಡಗಿನ ತೋಟಗಳಲ್ಲಿ ಹಳೆಯ ಜೀಪುಗಳು ಇಂದಿಗೂ ದುಡಿಯುತ್ತಿವೆ. ಆದಕಾರಣ ಇದು ಕೇವಲ ಹಳೆಯ ವಸ್ತುಗಳ ಮೋಹಿಗಳ ಪ್ರಶ್ನೆಯಲ್ಲ.

ಡಿಫರೆನ್ಷಿಯಲ್ ಏಕೆ ಬೇಕು? ನಮ್ಮ ಎತ್ತಿನ ಗಾಡಿಗೆ ಅದರ ಅಗತ್ಯವೇ ಬರಲಿಲ್ಲ. ಗಾಡಿಯ ಅಚ್ಚು ತಿರುಗುವುದಿಲ್ಲ. ಎರಡು ಚಕ್ರಗಳೂ ಕೀಲೆಣ್ಣೆಯ ಮೇಲೆ ತಮ್ಮ ತಮ್ಮ ವೇಗದಲ್ಲಿ ತಿರುಗುತ್ತವೆ. ಎತ್ತು ಎಳೆಯುವುದು ಗಾಡಿಯನ್ನೇ ಹೊರತು ಚಕ್ರಗಳನ್ನಲ್ಲ. ಮೋಟಾರು ವಾಹನದಲ್ಲಿ ಎಂಜಿನು ಚಕ್ರಗಳನ್ನೇ ತಿರುಗಿಸಬೇಕು. ಎರಡು ಹಿಂಚಕ್ರಗಳ ಅಂತರ 1.4 ಮೀಟರ್ ಎಂದಿಟ್ಟುಕೊಳ್ಳೋಣ. ವಾಹನವು ಒಂದು ಪೂರ್ಣ ಸುತ್ತು ಹಾಕಿದಾಗ ಹೊರಚಕ್ರವು ಒಳಚಕ್ರಕ್ಕಿಂತ ಸುಮಾರು 8.8 ಮೀಟರ್ ಹೆಚ್ಚು ದೂರ ಉರುಳಬೇಕಾಗುತ್ತದೆ. ಸುತ್ತು ದೊಡ್ಡದಿರಲಿ ಚಿಕ್ಕದಿರಲಿ, ಈ ವ್ಯತ್ಯಾಸ ಅಷ್ಟೇ. ಏಕೆಂಬುದನ್ನು ವೃತ್ತದ ಪರಿಧಿಯ ಸೂತ್ರದಿಂದ ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳಬಹುದು. ಎರಡು ಚಕ್ರಗಳನ್ನೂ ಒಂದೇ ಅಚ್ಚಿಗೆ ಬಿಗಿದರೆ ಯಾವುದಾದರೊಂದು ನೆಲದ ಮೇಲೆ ಉಜ್ಜಿಕೊಂಡು ಜಾರಲೇಬೇಕು. ಎರಡಕ್ಕೂ ಬಲವನ್ನು ಹಂಚಿ, ವೇಗದಲ್ಲಿ ಮಾತ್ರ ಸ್ವಾತಂತ್ರ್ಯ ಕೊಡುವ ಗೇರುಗಳ ಏರ್ಪಾಡನ್ನು ಫ್ರಾನ್ಸಿನ ಗಡಿಯಾರ ತಜ್ಞ ಒನೆಸಿಫೋರ್ ಪೆಕರ್ ಎಂಬಾತನು 1820ರ ದಶಕದಲ್ಲಿಯೇ ಉಗಿಯ ವಾಹನಕ್ಕಾಗಿ ರೂಪಿಸಿದನು.

ಕವಚವನ್ನು ತೆರೆದರೆ ಕಾಣುವುದು ಮುಖ್ಯವಾಗಿ ಮೂರು ಬಗೆಯ ವಸ್ತುಗಳು. ಎಂಜಿನಿನಿಂದ ಬರುವ ಉದ್ದನೆಯ ಷಾಫ್ಟಿನ ತುದಿಯಲ್ಲಿ ಚಿಕ್ಕ ಪಿನಿಯನ್; ಅದು ತಿರುಗಿಸುವ ದೊಡ್ಡ ಕ್ರೌನ್ ಚಕ್ರ; ಕ್ರೌನನ್ನು ಹೊತ್ತ ಪೆಟ್ಟಿಗೆಯೊಳಗೆ, ತಿರುವಿನಲ್ಲಿ ಮಾತ್ರ ಪರಸ್ಪರ ತಿರುಗುವ ಚಿಕ್ಕ ಹಲ್ಲುಚಕ್ರಗಳು. ಇವನ್ನೆಲ್ಲ ಸ್ಥಾನದಲ್ಲಿ ಹಿಡಿದಿರುವುದು ಮೊನಚು ರೋಲರುಗಳ ಬೇರಿಂಗು. ಅಮೆರಿಕದ ಹೆನ್ರಿ ಟಿಮ್ಕೆನ್ 1898ರಲ್ಲಿ ಪೇಟೆಂಟ್ ಪಡೆದ ಈ ಬೇರಿಂಗು ಪಕ್ಕದ ಒತ್ತಡವನ್ನೂ ಉದ್ದದ ಒತ್ತಡವನ್ನೂ ತಾಳಬಲ್ಲುದು.

ಈಗ ಸದ್ದಿನ ವಿಚಾರ. ಸದ್ದು ಒಂದು ಸಾಕ್ಷ್ಯ. ಸಾಕ್ಷಿಯನ್ನು ವಿಚಾರಿಸದೆ ತೀರ್ಪು ಕೊಡುವುದು ನ್ಯಾಯವಲ್ಲ. ರಸ್ತೆಯ ಮೇಲ್ಮೈ ಬದಲಾದೊಡನೆ ಸದ್ದೂ ಬದಲಾದರೆ ಅದು ಟೈರಿನದು. ವಾಹನವನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ಹೊರಳಿಸಿದಾಗ ಏರಿಳಿದರೆ ಚಕ್ರದ ಬೇರಿಂಗನ್ನು ಸಂಶಯಿಸಬೇಕು. ತಿರುವಿನಲ್ಲಿ ಮಾತ್ರ ಕೇಳಿಸಿದರೆ ಪೆಟ್ಟಿಗೆಯೊಳಗಿನ ಚಿಕ್ಕ ಹಲ್ಲುಚಕ್ರಗಳು ಕಾರಣ. ಆಕ್ಸಿಲರೇಟರನ್ನು ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು ಸ್ವರ ಬಂದರೆ ಕ್ರೌನ್ ಮತ್ತು ಪಿನಿಯನ್‌ಗಳ ಹಲ್ಲು ಕೂಡುವ ಬಗೆ ಕೆಟ್ಟಿರಬಹುದು. ಪಿನಿಯನ್ನಿನ ಬೇರಿಂಗು ಸವೆದು ಸಡಿಲಾಗಿದ್ದರೂ ಹೀಗೆಯೇ ಆಗುತ್ತದೆ. ಒತ್ತಿದರೂ ಬಿಟ್ಟರೂ ಒಂದೇ ತೆರನಾದ ಒರಟು ಸದ್ದು ವೇಗದೊಂದಿಗೆ ಏರುತ್ತಿದ್ದರೆ ಬೇರಿಂಗಿನ ಕಡೆಗೆ ನೋಡಬೇಕು.

ಕಿವಿಯ ತೀರ್ಮಾನವನ್ನು ಲೆಕ್ಕದಿಂದ ಪರೀಕ್ಷಿಸಬಹುದು. ವಿಲ್ಲಿಸ್ ಮಾದರಿಯ ಹಳೆಯ ಜೀಪುಗಳಲ್ಲಿ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 43 ಹಲ್ಲು ಇರುವ ಜೋಡಿಯು ಸಾಮಾನ್ಯ. ಲೆಕ್ಕದ ಸೌಲಭ್ಯಕ್ಕಾಗಿ ಚಕ್ರದ ಸುತ್ತಳತೆ 2 ಮೀಟರ್ ಎಂದುಕೊಳ್ಳೋಣ. ಗಂಟೆಗೆ 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಚಕ್ರವೂ ಕ್ರೌನೂ ಸೆಕೆಂಡಿಗೆ 5 ಸುತ್ತು ಹಾಕುತ್ತವೆ. ಪಿನಿಯನ್ ಸುಮಾರು 27 ಸುತ್ತು. ಹಲ್ಲಿಗೆ ಹಲ್ಲು ತಾಗುವುದು 43ನ್ನು 5ರಿಂದ ಗುಣಿಸಿದಷ್ಟು, ಅಂದರೆ ಸೆಕೆಂಡಿಗೆ 215 ಸಲ. ವೇಗ ಇಮ್ಮಡಿಯಾದರೆ ಇದು 430 ಆಗಬೇಕು. ಧ್ವನಿಯ ಆವರ್ತನವನ್ನು ತೋರಿಸುವ ತಂತ್ರಾಂಶಗಳು ಇಂದು ಮೊಬೈಲ್ ಫೋನಿಗೆ ಉಚಿತವಾಗಿ ದೊರೆಯುತ್ತವೆ. ಚಾಲಕನಲ್ಲದೆ ಜೊತೆಯಲ್ಲಿ ಕುಳಿತವನು ಸದ್ದನ್ನು ದಾಖಲಿಸಲಿ. ಮುಖ್ಯ ಸ್ವರವು 215ರ ಬಳಿ ನಿಂತು ವೇಗದೊಂದಿಗೆ ಅದೇ ಪ್ರಮಾಣದಲ್ಲಿ ಏರಿದರೆ ಹಲ್ಲುಗಳೇ ಹಾಡುತ್ತಿವೆ ಎಂದು ತಿಳಿಯಬಹುದು. ಈ ಪರೀಕ್ಷೆಗೆ ಒಂದು ಕಾಸೂ ಖರ್ಚಿಲ್ಲ. ಆದರೂ ಇದನ್ನು ಮಾಡುವವರು ವಿರಳ.

ಬಿಚ್ಚುವಾಗಲೂ ನೋಡುವುದೇ ಮೊದಲ ಕೆಲಸ. ಇಳಿಸಿದ ಎಣ್ಣೆಯಲ್ಲಿ ಅಯಸ್ಕಾಂತವನ್ನು ಆಡಿಸಿದಾಗ ಅಂಟುವ ನುಣುಪಾದ ಬೂದು ಹಿಟ್ಟು ಸಹಜವಾದ ಸವಕಳಿ. ಚಕ್ಕೆಗಳು, ಚೂರುಗಳು ಸಿಕ್ಕಿದರೆ ಒಳಗೆ ಏನೋ ಒಡೆದಿದೆ. ಅನಂತರ ಪಿನಿಯನ್ನನ್ನು ಅಲುಗದಂತೆ ಹಿಡಿದು ಕ್ರೌನ್ ಎಷ್ಟು ಅಲ್ಲಾಡುತ್ತದೆಂಬುದನ್ನು ಡಯಲ್ ಗೇಜಿನಿಂದ ನಾಲ್ಕು ಕಡೆ ಅಳೆದು ಬರೆದಿಡಬೇಕು. ಬ್ಯಾಕ್‌ಲ್ಯಾಷ್ ಎನ್ನಿಸಿಕೊಳ್ಳುವ ಈ ಸಡಿಲವು ಸಾಮಾನ್ಯವಾಗಿ 0.1ರಿಂದ 0.25 ಮಿಲಿಮೀಟರಿನೊಳಗೆ ಇರಬೇಕು. ಎರಡು ಮೂರು ಕೂದಲೆಳೆಗಳ ದಪ್ಪ. ಬೇರಿಂಗುಗಳ ಮೇಲಿನ ಟೋಪಿಗಳಿಗೆ ಎಡ, ಬಲ ಎಂಬ ಗುರುತು ಮಾಡಬೇಕು, ಅವು ಅದಲುಬದಲಾಗಕೂಡದು. ಶಿಮ್ ಎಂಬ ತೆಳ್ಳನೆಯ ಬಿಲ್ಲೆಗಳ ದಪ್ಪವನ್ನು ಅಳೆದು, ಯಾವುದು ಎಲ್ಲಿತ್ತೆಂದು ಚೀಟಿ ಕಟ್ಟಿಡಬೇಕು. ಈ ಚೀಟಿಗಳೇ ಮುಂದೆ ಮರುಜೋಡಣೆಯ ದಾರಿದೀಪ.

ಇಲ್ಲಿ ನಮ್ಮ ವಾದದ ತಿರುಳಿಗೆ ಬರುತ್ತೇವೆ. ಕ್ರೌನ್ ಮತ್ತು ಪಿನಿಯನ್ ಒಂದೇ ಜೋಡಿಯಾಗಿ, ಒಂದಕ್ಕೊಂದು ಉಜ್ಜಿ ಹೊಂದಿಸಲ್ಪಟ್ಟು ಕಾರ್ಖಾನೆಯಿಂದ ಬರುತ್ತವೆ. ಗುಜರಿಯಿಂದ ಒಂದರ ಕ್ರೌನ್, ಇನ್ನೊಂದರ ಪಿನಿಯನ್ ತಂದು ಕೂಡಿಸುವುದು ಮಿತವ್ಯಯವಲ್ಲ, ಅಪವ್ಯಯ. ವರ್ಷಗಟ್ಟಲೆ ಒಟ್ಟಿಗೆ ಸವೆದ ಜೋಡಿಯ ಹಲ್ಲುಗಳು ಒಡೆಯದೆ, ಗೀರಿಲ್ಲದೆ ಇದ್ದರೆ ಅವನ್ನು ಎಸೆಯುವುದೂ ಅಪವ್ಯಯವೇ. ಅನೇಕ ವೇಳೆ ಬೇರಿಂಗು ಸವೆದು ಪಿನಿಯನ್ ತನ್ನ ಸ್ಥಾನದಿಂದ ಕದಲಿರುತ್ತದೆ. ಹಲ್ಲಿನ ಸದ್ದಿಗೆ ಅದೇ ಮೂಲ. ಹೊಸ ಬೇರಿಂಗು ಹಾಕಿ ಹಳೆಯ ಜೋಡಿಯನ್ನು ಹಳೆಯ ಸ್ಥಾನದಲ್ಲಿಯೇ ನಿಲ್ಲಿಸಿದರೆ ಸಾಕಾಗಬಹುದು. ಆದಕಾರಣ ಹಣವನ್ನು ಉತ್ತಮ ಬೇರಿಂಗು, ಆಯಿಲ್ ಸೀಲ್, ಸರಿಯಾದ ಗೇರ್ ಎಣ್ಣೆ ಇವುಗಳಿಗೆ ವ್ಯಯಿಸಿ, ಡಯಲ್ ಗೇಜನ್ನು ಪರಿಚಿತರ ವರ್ಕ್‌ಷಾಪಿನಿಂದ ಕೇಳಿ ತರುವುದು ಜಾಣತನ. ಎಣ್ಣೆಯಲ್ಲಿಯೂ ಜಿಪುಣತನ ಸಲ್ಲದು. ಈ ಜೀಪುಗಳಲ್ಲಿ ಪಿನಿಯನ್ನಿನ ಅಕ್ಷವು ಕ್ರೌನಿನ ಕೇಂದ್ರಕ್ಕಿಂತ ಕೆಳಗಿರುತ್ತದೆ. ಹೈಪಾಯ್ಡ್ ಎಂಬ ಈ ರಚನೆಯಲ್ಲಿ ಹಲ್ಲುಗಳು ಉರುಳುವುದಲ್ಲದೆ ಜಾರುತ್ತವೆ ಕೂಡ. ಅತಿ ಒತ್ತಡವನ್ನು ತಾಳುವ ರಾಸಾಯನಿಕಗಳುಳ್ಳ ಎಣ್ಣೆಯೇ ಅದಕ್ಕೆ ಬೇಕು. ಹಳೆಯ ವಾಹನ ಮಾರುವ ಕೆಲವರು ಮರದ ಹೊಟ್ಟನ್ನು ತುಂಬಿ ಸದ್ದಡಗಿಸುತ್ತಿದ್ದ ಮೋಸವು ಜಗತ್ಪ್ರಸಿದ್ಧ. ಅದು ಸಾಕ್ಷಿಯ ಬಾಯಿ ಕಟ್ಟಿದಂತೆಯೇ ಹೊರತು ರೋಗಕ್ಕೆ ಮದ್ದಲ್ಲ.

ಜೋಡಣೆಯಲ್ಲಿ ಭೌತಶಾಸ್ತ್ರದ ಪಾಠಗಳು ಕೈಗೆ ಬರುತ್ತವೆ. ಬಿಗಿಯಾದ ಹೊಸ ಬೇರಿಂಗನ್ನು ಸುತ್ತಿಗೆಯಿಂದ ಬಡಿಯಬೇಕಾಗಿಲ್ಲ. 35 ಮಿಲಿಮೀಟರ್ ಒಳವ್ಯಾಸದ ಉಕ್ಕಿನ ಉಂಗುರವನ್ನು 80 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಮಾಡಿದರೆ ಅದರ ರಂಧ್ರ ಸುಮಾರು 0.03 ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟರಿಂದಲೇ ಅದು ಷಾಫ್ಟಿನ ಮೇಲೆ ಸುಲಭವಾಗಿ ಜಾರಿ ಕೂರುತ್ತದೆ. ಬೆಂಕಿಯ ಜ್ವಾಲೆಗೆ ಮಾತ್ರ ಒಡ್ಡಕೂಡದು, ಉಕ್ಕಿನ ಹದ ಕೆಟ್ಟೀತು. ತೆಗೆದ ಹಳೆಯ ಬೇರಿಂಗಿನ ಒಳರಂಧ್ರವನ್ನು ತುಸು ಉಜ್ಜಿ ಸಡಿಲಗೊಳಿಸಿ ಇಟ್ಟುಕೊಂಡರೆ, ಶಿಮ್‌ಗಳನ್ನು ಮತ್ತೆ ಮತ್ತೆ ಬದಲಿಸಿ ನೋಡುವಾಗ ಹೊಸದನ್ನು ಹಾಳುಮಾಡದೆ ಅದನ್ನೇ ಬಳಸಬಹುದು. ಆದರೆ ಹಳೆಯದಕ್ಕೂ ಹೊಸದಕ್ಕೂ ದಪ್ಪದಲ್ಲಿ ವ್ಯತ್ಯಾಸವಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಕು.

ಪಿನಿಯನ್ನಿನ ಬೇರಿಂಗುಗಳು ಸಡಿಲಾಗಿಯೂ ಇರಬಾರದು, ಅತಿಯಾಗಿ ಬಿಗಿದೂ ಇರಬಾರದು. ಈ ಬಿಗಿತವನ್ನು ಅಳೆಯಲು ವಿಜ್ಞಾನದ ತರಗತಿಯ ಸ್ಪ್ರಿಂಗ್ ತಕ್ಕಡಿಯೇ ಸಾಕು. ಕ್ರೌನನ್ನು ಕೂರಿಸುವ ಮೊದಲು ಪಿನಿಯನ್ನಿನ ಹೊರತುದಿಗೆ ದಾರ ಸುತ್ತಿ, ಅದು ಒಂದೇ ಸಮನೆ ತಿರುಗುವಂತೆ ಎಳೆಯಬೇಕು. ದಾರ ಸುತ್ತಿದ ಭಾಗದ ತ್ರಿಜ್ಯ 4 ಸೆಂಟಿಮೀಟರ್, ಎಳೆತ 50 ನ್ಯೂಟನ್ ಆದರೆ ತಿರುಚುಬಲವು 2 ನ್ಯೂಟನ್ ಮೀಟರ್. ಇದನ್ನು ತಯಾರಕರ ಕೈಪಿಡಿಯ ಅಂಕಿಯೊಡನೆ ಹೋಲಿಸಬೇಕು. ಕೊನೆಗೆ ಕ್ರೌನಿನ ಕೆಲವು ಹಲ್ಲುಗಳಿಗೆ ಬಣ್ಣ ಹಚ್ಚಿ, ಚಕ್ರಕ್ಕೆ ತುಸು ತಡೆಯೊಡ್ಡಿ ಕೈಯಿಂದ ತಿರುಗಿಸಿದರೆ, ಪಿನಿಯನ್ ತಾಗಿದ ಕಡೆ ಬಣ್ಣ ಒರೆಸಿಹೋಗಿ ಒಂದು ಮಚ್ಚೆ ಕಾಣಿಸುತ್ತದೆ. ಅದು ಹಲ್ಲಿನ ನೆತ್ತಿಗೂ ಬುಡಕ್ಕೂ ಸರಿಯದೆ ನಡುವೆ ಇದ್ದರೆ ಶುಭ. ಸರಿದಿದ್ದರೆ ಶಿಮ್ ಬದಲಿಸಿ ಮತ್ತೆ ನೋಡತಕ್ಕದ್ದು.

"ಇದು ಪಳಗಿದ ಮೆಕ್ಯಾನಿಕ್ಕಿನ ಕೆಲಸ, ಹುಡುಗಾಟವಲ್ಲ" ಎಂಬ ಆಕ್ಷೇಪಣೆಯುಂಟು. ಅದರಲ್ಲಿ ನಿಜವಿದೆ. ಹಲ್ಲು ಮುರಿದಿದ್ದರೆ, ಕವಚ ಸೀಳಿದ್ದರೆ, ಮಚ್ಚೆ ನಡುವಿಗೆ ಬರಲು ಒಪ್ಪದಿದ್ದರೆ ಕೆಲಸವನ್ನು ಬಲ್ಲವರಿಗೆ ಒಪ್ಪಿಸುವುದೇ ವಿವೇಕ. ಪಿನಿಯನ್ನಿನ ಬೇರಿಂಗು ಓಟದಲ್ಲಿ ಒಡೆದರೆ ಹಿಂಚಕ್ರಗಳು ಥಟ್ಟನೆ ಕಚ್ಚಿಕೊಳ್ಳಬಹುದು. ಆದ್ದರಿಂದ ದಿನದಿನಕ್ಕೆ ಹೆಚ್ಚುವ ಸದ್ದನ್ನು ಅಲಕ್ಷಿಸಲಾಗದು. ಜಾಕಿನ ಮೇಲೆ ಮಾತ್ರ ನಿಂತ ವಾಹನದ ಕೆಳಗೆ ಯಾರೂ, ಎಂದಿಗೂ, ತಲೆಯಿಡಕೂಡದು. ಭದ್ರವಾದ ಉಕ್ಕಿನ ಆಸರೆ ಕಡ್ಡಾಯ. ಆದರೆ ಮೆಕ್ಯಾನಿಕ್ಕಿನ ಕೈಯ ಅನುಭವಕ್ಕೂ ವಿದ್ಯಾರ್ಥಿಯ ಅಳತೆಗೂ ವಿರೋಧವಿಲ್ಲ. ಸಡಿಲದ ಅಂಕಿ, ಸದ್ದಿನ ಆವರ್ತನ, ಎಣ್ಣೆಯಲ್ಲಿ ಸಿಕ್ಕಿದ ಚೂರು, ಇವನ್ನು ಬರೆದುಕೊಂಡು ಹೋದ ಗಿರಾಕಿಗೆ ಅನಗತ್ಯವಾದ ಭಾಗಗಳನ್ನು ಮಾರುವುದು ಸುಲಭವಲ್ಲ. ಪ್ರಾಮಾಣಿಕ ಕುಶಲಿಗೆ ಅಂತಹ ಗಿರಾಕಿಯೇ ಪ್ರಿಯ.

ಒಂದು ಸೂಚನೆಯನ್ನು ನಮ್ಮ ಶಾಲೆ ಕಾಲೇಜುಗಳ ಮುಂದಿಡಬಯಸುತ್ತೇವೆ. ಗುಜರಿಯಲ್ಲಿ ಬಿದ್ದ ಒಂದು ಹಳೆಯ ಹಿಂದಿನ ಅಚ್ಚನ್ನು ತಂದು ಪ್ರಯೋಗಶಾಲೆಯಲ್ಲಿ ತೆರೆದಿಡಲಿ. ವೃತ್ತದ ಪರಿಧಿ, ಆವರ್ತನ, ಉಷ್ಣದಿಂದ ಹಿಗ್ಗುವಿಕೆ, ತಿರುಚುಬಲ, ಘರ್ಷಣೆ, ಇವೆಲ್ಲವೂ ಒಂದೇ ಕವಚದೊಳಗೆ ಇರುವುದನ್ನು ವಿದ್ಯಾರ್ಥಿಗಳು ಕೈಯಿಂದ ಮುಟ್ಟಿ ನೋಡಲಿ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ತಪ್ಪು ಲೆಕ್ಕಕ್ಕೆ ಅಂಕ ಹೋಗುತ್ತದೆ, ಅಷ್ಟೆ. ಇಲ್ಲಿ ತಪ್ಪು ಲೆಕ್ಕವು ಗುಂಯ್‌ಗುಡುತ್ತದೆ. ಅದನ್ನು ಸರಿಪಡಿಸಿ ಮೌನವಾಗಿಸುವವರೆಗೆ ಬಿಡದಿರುವ ಛಲವನ್ನು ಕಲಿಸಲು ಇದಕ್ಕಿಂತ ಅಗ್ಗದ ಪಾಠೋಪಕರಣ ಸಿಗುವುದು ಕಷ್ಟ.