ತಪ್ಪು ಮಳೆಯದ್ದಲ್ಲ

ನಮ್ಮ ತೀರ್ಥಹಳ್ಳಿಯಲ್ಲಿ ಕಾಲೇಜು ಶುರುವಾಗುವುದೂ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಟ್ಟಿಗೇ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ನಮ್ಮದೇ ತಾಲ್ಲೂಕಿನ ಊರು. ಇಂಥ ಕಡೆ ಹುಟ್ಟಿ ಬೆಳೆದ ನಾವು ಬೈಕಿನಿಂದ ಬಿದ್ದಾಗ ‘ರಸ್ತೆ ಒದ್ದೆಯಾಗಿತ್ತು’ ಎನ್ನುವುದು ಒಪ್ಪುವ ಮಾತಲ್ಲ. ಇಲ್ಲಿ ರಸ್ತೆ ನಾಲ್ಕು ತಿಂಗಳು ಒದ್ದೆಯಾಗಿಯೇ ಇರುತ್ತದೆ. ನಮ್ಮನ್ನು ಬೀಳಿಸುವುದು ನುಣ್ಣಗಾದ ಟೈರು, ಸವೆದ ಬ್ರೇಕು ಮತ್ತು ಅವಸರ. ಮೂರನ್ನೂ ಸರಿಪಡಿಸುವುದು ನಮ್ಮ ಕೈಯಲ್ಲೇ ಇದೆ.

ಹುಡುಗರಿಗೆ ಬೈಕ್ ಎಂದರೆ ಬರೀ ಶೋಕಿ ಎಂದು ಹಿರಿಯರು ಬೈಯುವುದುಂಟು. ಅದು ಪೂರ್ತಿ ನಿಜವಲ್ಲ. ಕಾರ್ಮಿಕರೇ ಕಟ್ಟಿ ನಡೆಸಿದ ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತುಹೋಯಿತು. 2023ರಲ್ಲಿ ಬಂದ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಬೆಳಗಿನ ಒಂದು ಬಸ್ ತಪ್ಪಿದರೆ ಎಷ್ಟೋ ಮಂದಿಗೆ ಅಣ್ಣನ ಬೈಕೇ ಗತಿ. ಆದರೆ ಅಗತ್ಯಕ್ಕೆ ಬೇಕಾದ ವಾಹನವನ್ನು ಅಗತ್ಯದ ವಸ್ತುವಿನಂತೆ ನೋಡಿಕೊಳ್ಳಬೇಕಲ್ಲವೇ? ನಾವು ನೋಡಿಕೊಳ್ಳುವುದು ಸ್ಟಿಕರನ್ನೂ ಸೈಲೆನ್ಸರನ್ನೂ.

ಮೊದಲು ವಯಸ್ಸಿನ ಮಾತು. ಪಿಯುಸಿಯಲ್ಲಿ ನಮ್ಮಲ್ಲಿ ಹೆಚ್ಚಿನವರಿಗೆ 18 ತುಂಬಿರುವುದಿಲ್ಲ. ಗೇರ್ ಬೈಕಿಗೆ 18 ಆಗಲೇಬೇಕು. 2019ರ ತಿದ್ದುಪಡಿಯ ನಂತರ, ಅಪ್ರಾಪ್ತರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಓಡಿಸಿದವರಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಅಪ್ಪನ ಕೂಲಿಯನ್ನೋ ತೋಟದ ಫಸಲನ್ನೋ ಒಂದು ಸವಾರಿಗೆ ಪಣಕ್ಕಿಡುವುದು ಜಾಣತನವಲ್ಲ.

ಲೈಸೆನ್ಸ್ ಇರುವವರು ಭಾನುವಾರ ಅರ್ಧ ಗಂಟೆ ಬೈಕಿಗೆ ಕೊಡಲಿ. ಟೈರಿನ ಗೆರೆಗಳು ಇರುವುದು ಅಂದಕ್ಕಲ್ಲ, ಅಡಿಯ ನೀರನ್ನು ಪಕ್ಕಕ್ಕೆ ತಳ್ಳಲು. ಗೆರೆ ಸವೆದರೆ ಟೈರು ರಸ್ತೆಯನ್ನು ಬಿಟ್ಟು ನೀರಿನ ಮೇಲೆ ಜಾರುತ್ತದೆ. ಚೈನಿನ ಕೆಸರು ತೊಳೆದು, ಒರೆಸಿ, ಒಣಗಿದ ಮೇಲೆ ಎಣ್ಣೆ ಹಾಕಿ. ಮಳೆ ನೀರು ಎಣ್ಣೆಯನ್ನು ತೊಳೆದುಕೊಂಡು ಹೋಗುವುದರಿಂದ ಮಳೆಗಾಲದಲ್ಲಿ ಇದನ್ನು ಪದೇ ಪದೇ ಮಾಡಬೇಕು. ಹೊಳೆ ನೀರು ದಾಟಿ ಬಂದ ಮೇಲೆ ಡ್ರಮ್ ಬ್ರೇಕ್ ಹಿಡಿಯುವುದು ಕಡಿಮೆ. ನಿಧಾನವಾಗಿ ಹೋಗುತ್ತಾ ಎರಡು ಮೂರು ಸಲ ಮೆಲ್ಲಗೆ ಒತ್ತಿದರೆ ಅದು ಒಣಗುತ್ತದೆ. ನೀರಲ್ಲಿ ಮುಳುಗಿ ಬಂದ್ ಆದ ಎಂಜಿನ್ನಿಗೆ ಮತ್ತೆ ಮತ್ತೆ ಕಿಕ್ ಹೊಡೆಯಬೇಡಿ. ಒಳಗೆ ನೀರು ಸೇರಿದ್ದರೆ ಎಂಜಿನ್ನೇ ಹಾಳಾದೀತು. ತಳ್ಳಿಕೊಂಡು ಗ್ಯಾರೇಜಿಗೆ ಹೋಗುವುದೇ ಕಡಿಮೆ ಖರ್ಚಿನ ದಾರಿ.

ಓಡಿಸುವಾಗ ನೆನಪಿಡಬೇಕಾದದ್ದೂ ಇದೆ. ಮೊದಲ ಮಳೆಗೆ ರಸ್ತೆಯ ಎಣ್ಣೆ, ಧೂಳು ಸೇರಿ ಸಾಬೂನಿನಂತಾಗುತ್ತದೆ. ಆಮೇಲೆ ತೋಟದ ಪಕ್ಕದ ನೆರಳಿನಲ್ಲಿ ಪಾಚಿ, ಟ್ರಾಕ್ಟರು ತಂದು ಹಾಕಿದ ಗದ್ದೆ ಕೆಸರು, ತಿರುವಿನಲ್ಲಿ ಕುಸಿದ ಧರೆಯ ಮಣ್ಣು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಆದರೆ ನಮ್ಮ ಮನೆಗಳಲ್ಲಿರುವ ಎಷ್ಟೋ ಬೈಕು ಅದಕ್ಕಿಂತ ಹಳೆಯವು, ಇಲ್ಲವೇ ಚಿಕ್ಕವು. ಅವುಗಳ ಎಬಿಎಸ್ ನಮ್ಮ ಬೆರಳು, ನಮ್ಮ ಪಾದ. ತಿರುವಿಗೆ ಮೊದಲೇ ವೇಗ ಇಳಿಸಿ, ಎರಡೂ ಬ್ರೇಕನ್ನು ಹದವಾಗಿ ಹಿಡಿಯಬೇಕು. ಮೋರಿಯ ಮೇಲೆ ನೀರು ಹರಿಯುತ್ತಿದ್ದರೆ ಕಾಯಬೇಕು, ಅಷ್ಟೇ.

ಹಿಂದೆ ಕೂರುವವರಿಗೂ ಒಂದು ಮಾತು. ಬೈಕಿನ ಮೇಲೆ ಕೊಡೆ ಬಿಡಿಸಲೇಬೇಡಿ. ಗಾಳಿ ಕೊಡೆಯನ್ನು ಎಳೆದರೆ ಬೈಕೂ ವಾಲುತ್ತದೆ. ಬುರ್ಖಾ, ದುಪಟ್ಟಾ, ರೈನ್‌ಕೋಟಿನ ಅಂಚು ಮಡಚಿ ಹಿಡಿದುಕೊಳ್ಳಿ. ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಸ್ಯಾರಿ ಗಾರ್ಡ್ ಇರಬೇಕೆಂದು ನಿಯಮವೇ ಇದೆ. ಸ್ಟೈಲಿಗೆಂದು ಅದನ್ನು ಬಿಚ್ಚಿಸುವ ಅಣ್ಣಂದಿರು, ಹಿಂದೆ ಕೂರುವವಳು ತಂಗಿ ಎಂಬುದನ್ನು ಮರೆತಂತೆ ಕಾಣುತ್ತದೆ.

ಕೊನೆಯದಾಗಿ ಕಾಲೇಜಿಗೆ ಎರಡು ಕೋರಿಕೆ. ಮೊದಲ ಪಿರಿಯಡ್‌ನ ಹಾಜರಿಗೆ ಹೆದರಿ ಓಡಿಸುವ ವೇಗವೇ ಎಲ್ಲಕ್ಕಿಂತ ಅಪಾಯದ್ದು. ಶುಕ್ರವಾರ ಜುಮಾ ನಮಾಝಿಗೆ ಹೊರಡುವಾಗಲೂ ಅದೇ ಅವಸರ. ಜಡಿಮಳೆಯ ದಿನಗಳಲ್ಲಿ ಹದಿನೈದು ನಿಮಿಷ ತಡವಾಗಿ ಬಂದವರನ್ನು ಒಳಗೆ ಸೇರಿಸಿಕೊಳ್ಳಿ. ಶಿಸ್ತು ಕೆಡುತ್ತದೆ ಎಂಬ ಅಧ್ಯಾಪಕರ ಆತಂಕ ಅರ್ಥವಾಗುತ್ತದೆ. ಅದಕ್ಕೇ ಇದು ಮಳೆಗಾಲಕ್ಕೆ ಮಾತ್ರ, ಬೇಕಿದ್ದರೆ ಸಂಜೆ ಆ ಹದಿನೈದು ನಿಮಿಷ ಕೂರಿಸಿ. ಎರಡನೆಯದು, ಜೂನ್‌ನ ಮೊದಲ ವಾರ ಊರಿನ ಒಬ್ಬ ಮೆಕ್ಯಾನಿಕ್‌ರನ್ನು ಕರೆಸಿ ಗೇಟಿನ ಬಳಿ ಬೈಕುಗಳ ಟೈರು, ಬ್ರೇಕು ನೋಡಿಸಿ. ಹೆಲ್ಮೆಟ್ ಇದೆಯೇ ಎಂದು ಕೇಳುವ ಗೇಟಿನಲ್ಲೇ ಟೈರು ಹೇಗಿದೆ ಎಂದೂ ಕೇಳಿದರೆ, ಈ ವರ್ಷದ ಮಳೆಗಾಲ ಮುಗಿಯುವಾಗ ತರಗತಿಯ ಬೆಂಚುಗಳಲ್ಲಿ ಎಲ್ಲರೂ ಇರುತ್ತೇವೆ.