ನೆಲೆಸಿದ ಊರು ತನ್ನದಾಗುವ ಬಗೆ

ಉದ್ಯೋಗವನ್ನರಸಿ ಬಂದವರಿಗೆ ವೇತನ, ವಸತಿ ದೊರೆತರೆ ಊರು ತಾನಾಗಿಯೇ ಅವರದಾಗುತ್ತದೆ ಎಂಬ ಭಾವನೆ ಉದ್ಯಮ ವಲಯದಲ್ಲಿ ಬೇರೂರಿದೆ. ಡೆನ್ಮಾರ್ಕ್‌ನ ರಾಜಧಾನಿ ಕೋಪನ್‌ಹೇಗನ್‌ನ ಒಂದು ಬಡಾವಣೆಯ ಅನುಭವ ಈ ಭಾವನೆಯನ್ನು ಮರುಪರಿಶೀಲನೆಗೆ ಒಡ್ಡುತ್ತದೆ.

ವಲಸಿಗರು ಹೆಚ್ಚಾಗಿರುವ ನಾರೆಬ್ರೊ ಬಡಾವಣೆಯಲ್ಲಿ 2012ರಲ್ಲಿ ‘ಸೂಪರ್‌ಕಿಲೆನ್’ ಎಂಬ ಉದ್ಯಾನ ಸಾರ್ವಜನಿಕರಿಗೆ ತೆರೆಯಿತು. ನಗರಾಡಳಿತ ಹಾಗೂ ರಿಯಲ್‌ಡೇನಿಯಾ ಎಂಬ ಲೋಕೋಪಕಾರಿ ಸಂಸ್ಥೆ ಇದರ ವೆಚ್ಚ ಭರಿಸಿದವು. ಬಡಾವಣೆಯಲ್ಲಿ ನೆಲೆಸಿರುವವರ ಮೂಲ ದೇಶಗಳು ಸುಮಾರು 60. ಉದ್ಯಾನದಲ್ಲಿ ಇರಬೇಕಾದ ವಸ್ತುಗಳನ್ನು ಸೂಚಿಸುವಂತೆ ಅವರನ್ನೇ ಕೇಳಲಾಯಿತು. ಮೊರಾಕೊದ ಕಾರಂಜಿ, ಥಾಯ್ಲೆಂಡಿನ ಮುಷ್ಟಿಯುದ್ಧದ ಕಣ, ಜಪಾನಿನ ಆಕ್ಟೋಪಸ್ ಜಾರುಬಂಡೆ ಹೀಗೆ ಬಂದವು. ಕೆಲವನ್ನು ಖರೀದಿಸಿ ತರಲಾಯಿತು, ಕೆಲವನ್ನು ಅದೇ ಅಳತೆಯಲ್ಲಿ ನಿರ್ಮಿಸಲಾಯಿತು. ಪ್ರತಿಯೊಂದರ ಬಳಿ ಡ್ಯಾನಿಶ್ ಹಾಗೂ ಮೂಲ ಭಾಷೆಗಳಲ್ಲಿ ಫಲಕವಿದೆ. ನಿವಾಸಿಗಳ ಐದು ತಂಡಗಳು ಸೂಪರ್‌ಫ್ಲೆಕ್ಸ್ ಕಲಾವಿದರೊಡನೆ ಸ್ವತಃ ಪ್ರಯಾಣ ಬೆಳೆಸಿದವು. ಅವುಗಳಲ್ಲಿ ಇಬ್ಬರು ಯುವತಿಯರು ಪ್ಯಾಲೆಸ್ತೀನಿನಿಂದ ತಂದದ್ದು ಮಣ್ಣು. ತವರಿನ ಮಣ್ಣಿನ ಮೇಲೆ ಪರದೇಶದಲ್ಲಿ ಕುಳಿತುಕೊಳ್ಳುವ ಅವಕಾಶಕ್ಕೆ ಯಾವ ಲೆಕ್ಕಪತ್ರದಲ್ಲಿ ಬೆಲೆ ನಮೂದಿಸುವುದು?

ಯೋಜನೆ ದೋಷರಹಿತವೆನ್ನಲಾಗದು. ಅಷ್ಟು ದೊಡ್ಡ ಬಡಾವಣೆಗೆ ಐದೇ ತಂಡಗಳ ಪ್ರಯಾಣ ಅತ್ಯಲ್ಪ. ಉದ್ಯಾನದ ಕಣ್ಸೆಳೆಯುವ ಕೆಂಪು ನೆಲದ ಬಣ್ಣ ಕೆಲವೇ ವರ್ಷಗಳಲ್ಲಿ ಮಾಸಿತು. ನಿರ್ವಹಣೆಗೆ ಹಣ ತೆಗೆದಿರಿಸದ ಕಲೆ ಹೊರೆಯಾಗುತ್ತದೆಂಬುದು ವರ್ತಕರಿಗೆ ಹೊಸದಾಗಿ ತಿಳಿಸಬೇಕಾದ ಸಂಗತಿಯೇನಲ್ಲ. ಆದರೂ 2016ರಲ್ಲಿ ಇದಕ್ಕೆ ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿ ಸಂದಿತು.

ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಉತ್ತರ ಕರ್ನಾಟಕದವರಿಂದ ಹಿಡಿದು ಬಿಹಾರ, ಒಡಿಶಾದವರವರೆಗೆ ದುಡಿಯುತ್ತಿದ್ದಾರೆ. ಅವರ ಕುಶಲತೆಯನ್ನು ಮಾಲೀಕರು ಬಲ್ಲರು, ಊರನ್ನು ಬಲ್ಲವರು ವಿರಳ. 2013ರ ಕಂಪನಿ ಕಾಯಿದೆಯ ಸಾಮಾಜಿಕ ಹೊಣೆಗಾರಿಕೆಯ ಪಟ್ಟಿಯಲ್ಲಿ ಕಲೆ ಮತ್ತು ಸಂಸ್ಕೃತಿಯೂ ಸೇರಿದೆ. ಸಣ್ಣ ಕೈಗಾರಿಕೆಗಳಲ್ಲಿ ಬಹುಪಾಲು ಆ ವ್ಯಾಪ್ತಿಗೆ ಬಾರವು, ನಿಜ. ಆದರೆ ಕಾರ್ಖಾನೆಯ ಕಾಂಪೌಂಡ್ ಗೋಡೆಗೆ ಹೇಗೂ ಸುಣ್ಣಬಣ್ಣ ಬಳಿಸಲೇಬೇಕು. ಗುತ್ತಿಗೆದಾರನನ್ನು ಕರೆಸುವ ಮುನ್ನ, ಅದರ ಮೇಲೆ ಯಾವ ಚಿತ್ರವಿರಬೇಕೆಂದು ಕಾರ್ಮಿಕರನ್ನು ಕೇಳಿ, ಕುಂಚವನ್ನೂ ಅವರ ಕೈಗೇ ಕೊಡಲು ತಗಲುವುದು ಒಂದು ಪಾಳಿಯ ಅವಧಿ. ಔದ್ಯಮಿಕ ಸಂಘಗಳು ಒಂದು ರಸ್ತೆಯಿಂದಲಾದರೂ ಇದನ್ನು ಆರಂಭಿಸಬಹುದು.