ಮೂರು ತಿಂಗಳ ಗುಟ್ಟು, ಬಿ.ಪಿ.ಯ ಮೊದಲ ಅಂಕಿ

ಹೋದ ವರ್ಷ ಶ್ರಾವಣದಲ್ಲಿ ಒಂದು ದಿನ ಶಾಲೆ ಬಿಡುವ ಹೊತ್ತಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಗೇಟಿನ ಹತ್ತಿರ ನಿಂತಿದ್ದರು. ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ಮಡಚಿ ಮಡಚಿ ಸವೆದ ಒಂದು ಕಾರ್ಡು. "ಗುರುಗಳ, ಇದನ್ನ ಒಂದೀಟ ಓದಿ ಹೇಳ್ರಿ. ಸೊಸಿನ್ನ ತವರ ಊರಾಗ ದವಾಖಾನ್ಯಾಗ ಇಟ್ಟಾರ. ಅಲ್ಲಿ ಡಾಕ್ಟರ್ ಬಾಯಿ ಮೊದಲ ಬಿ.ಪಿ. ಎಷ್ಟಿತ್ತು ಅಂತ ಕೇಳಾಕತ್ತಾರಂತ. ಫೋನ್ ಹಿಡಕೊಂಡ ನಿಂತಾರ" ಎಂದರು.

ನಮ್ಮದು ಜತ್ತ ತಾಲೂಕು, ಸಾಂಗಲಿ ಜಿಲ್ಲೆ. ಸೊಸೆಯ ತವರು ಇಂಡಿ ಕಡೆಯ ಹಳ್ಳಿ. ನಡುವೆ ಇರುವುದು ಒಂದು ರಾಜ್ಯದ ಗಡಿ ಮತ್ತು ಕೆಟ್ಟ ರಸ್ತೆ. ಮಗ ಪುಣೆಯಲ್ಲಿ ಗಾಡಿ ಓಡಿಸುತ್ತಾನೆ. ತಾಯಿಗೆ ಓದು ಬಾರದು. ಸೊಸೆ ಕನ್ನಡದಲ್ಲಿ ಹತ್ತನೇ ತನಕ ಓದಿದವಳು, ಮರಾಠಿ ಅಕ್ಷರ ಗೊತ್ತಿಲ್ಲ. ಕಾರ್ಡು ಪೂರ್ತಿ ಮರಾಠಿಯಲ್ಲಿ. ಕುಬುಸ ಮಾಡಿ ತವರಿಗೆ ಕಳಿಸುವಾಗ "ಅದು ಇಲ್ಲೀ ಕಾರ್ಡ, ಅಲ್ಲಿ ಬ್ಯಾರೆ ಕೊಡ್ತಾರ" ಅಂತ ಟ್ರಂಕಿನಲ್ಲೇ ಬಿಟ್ಟಿದ್ದರಂತೆ. ಅಲ್ಲಿ ಕರ್ನಾಟಕದ ತಾಯಿ ಕಾರ್ಡು ಹೊಸದಾಗಿ ಸಿಕ್ಕಿತು. ಅದರಲ್ಲಿ ಬಿ.ಪಿ.ಯ ಮೊದಲ ಸಾಲೇ ಏಳನೇ ತಿಂಗಳದ್ದು!

ನಾನು ಓದಿದೆ. ಹತ್ತನೇ ವಾರದಲ್ಲಿ 146/94. ಕೂಡಿಸಿ ಮತ್ತೆ ನೋಡಿದಾಗ 144/92. ಪಕ್ಕದಲ್ಲಿ ಒಂದು ಗುಳಿಗೆಯ ಹೆಸರು, ದಿನಕ್ಕೆ ಎರಡು ಸಲ. ಇಪ್ಪತ್ತನೇ ವಾರದಲ್ಲಿ 124/80. ಆಮೇಲೆ ಏನೂ ಇಲ್ಲ. ಫೋನಿನಲ್ಲಿ ಆ ಕಡೆಯ ಡಾಕ್ಟರಿಗೆ ಇಷ್ಟನ್ನು ಹೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಗುಳಿಗೆ ಯಾವಾಗ ಬಿಟ್ಟರು?" ಎಂದು ಕೇಳಿದರು. ಅದು ನನಗೂ ಗೊತ್ತಿರಲಿಲ್ಲ, ಆ ತಾಯಿಗೂ ಗೊತ್ತಿರಲಿಲ್ಲ.

ಆಮೇಲೆ ತಿಳಿದದ್ದು ಇಷ್ಟು. ಗುಳಿಗೆ ಬರೆದುಕೊಟ್ಟ ದೊಡ್ಡ ಊರಿನ ದವಾಖಾನೆಯಲ್ಲಿ ಹುಡುಗಿಗೆ ಯಾರೋ ಹೇಳಿದ ಮಾತು: "ಗೋಳೀ ಬಂದ ಕರೂ ನಕಾ." ಗುಳಿಗೆ ಬಂದ್ ಮಾಡಬೇಡ ಎಂದು. ಆ ಗದ್ದಲದಲ್ಲಿ ಹುಡುಗಿಯ ಕಿವಿಗೆ ಬಿದ್ದದ್ದು 'ಬಂದ' ಎನ್ನುವುದೊಂದೇ. ತಂದ ಪಾಕೀಟು ಮುಗಿದ ಕೂಡಲೇ ಬಂದ್ ಮಾಡಿದಳು. (ನಕ್ಕೊ ಗೊತ್ತಿದ್ದವಳಿಗೆ ನಕಾ ತಿಳಿಯಲಿಲ್ಲವೇ ಎಂದು ನನ್ನ ಸಹೋದ್ಯೋಗಿಯೊಬ್ಬರು ನಕ್ಕರು. ಹತ್ತನೇ ವಾರದ ವಾಂತಿ, ಮುಂದೆ ಹಿಂದೆ ನೂರು ಜನ, ಗೊತ್ತಿಲ್ಲದ ಭಾಷೆ. ನಗುವವರು ಒಮ್ಮೆ ಆ ಸಾಲಿನಲ್ಲಿ ನಿಂತು ನೋಡಬೇಕು.)

ಐದನೇ ತಿಂಗಳಲ್ಲಿ ಉಪಕೇಂದ್ರದಲ್ಲಿ ನೋಡಿದಾಗ 124/80. ನರ್ಸ್ ಬಾಯಿ ಗುಳಿಗೆ ಕೆಲಸ ಮಾಡುತ್ತಿದೆ ಎಂದುಕೊಂಡರು. ಅತ್ತೆ, ಬೇನೆ ಹೋಯಿತು ಎಂದುಕೊಂಡರು. ಇಬ್ಬರೂ ತಪ್ಪು. ಇದನ್ನು ನಮ್ಮ ಗ್ರಾಮೀಣ ಆಸ್ಪತ್ರೆಯ ಒಬ್ಬ ವೈದ್ಯರು ನನಗೆ ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದರು. ಬಸುರಿಯ ರಕ್ತದೊತ್ತಡ ಮೊದಲ ತಿಂಗಳುಗಳಿಂದ ತಾನಾಗಿಯೇ ಸ್ವಲ್ಪ ಸ್ವಲ್ಪ ಇಳಿಯುತ್ತಾ ಹೋಗಿ ನಾಲ್ಕು ಐದನೇ ತಿಂಗಳ ಹೊತ್ತಿಗೆ ಕೆಳಗೆ ನಿಲ್ಲುತ್ತದೆ. ಕೊನೆಯ ತಿಂಗಳುಗಳಲ್ಲಿ ಮತ್ತೆ ಮೇಲೇರುತ್ತದೆ. ಮೊದಲೇ ಬಿ.ಪಿ. ಇದ್ದವಳಲ್ಲೂ ಈ ಇಳಿತ ಆಗುತ್ತದೆ. ಆದ್ದರಿಂದ ಐದನೇ ತಿಂಗಳಲ್ಲಿ ಮೊದಲ ಸಲ ತೋರಿಸಿದವಳ ಬಿ.ಪಿ. ಸರಿಯಾಗಿದೆ ಎಂದು ಕಂಡರೆ, ಅದು ಮೊದಲಿನಿಂದಲೂ ಸರಿಯಾಗಿತ್ತು ಎಂದು ಹೇಳಲಿಕ್ಕೆ ಬರುವುದಿಲ್ಲ. ಎಂಟನೇ ತಿಂಗಳಲ್ಲಿ ಏರಿದಾಗ, ಇದು ಹಳೆಯದೋ ಬಸುರಿನಿಂದ ಹೊಸದಾಗಿ ಬಂದದ್ದೋ, ಹಳೆಯದರ ಮೇಲೆ ಹೊಸದು ಕೂಡಿತೋ ಎಂದು ತಿಳಿಯದೆ ಡಾಕ್ಟರು ಕತ್ತಲಲ್ಲಿ ಕೈಯಾಡಿಸಬೇಕಾಗುತ್ತದೆ.

20 ವಾರ ತುಂಬುವ ಮೊದಲೇ 140/90 ಅಥವಾ ಅದಕ್ಕಿಂತ ಮೇಲೆ ಬಂದರೆ ಬಹುಪಾಲು ಅದು ಬಸುರಾಗುವ ಮೊದಲಿನಿಂದಲೇ ಇದ್ದ ಒತ್ತಡ, ಯಾರೂ ನೋಡಿರಲಿಲ್ಲ ಅಷ್ಟೇ. ಇಪ್ಪತ್ತೆರಡು ವರ್ಷದ ಹುಡುಗಿಗೆ ಬಿ.ಪಿ. ಇರುತ್ತದೆಯೇ, ಅದು ಮುದುಕರ ಬೇನೆ ಅಲ್ಲವೇ ಎನ್ನುತ್ತಾರೆ ನಮ್ಮಲ್ಲಿ. ಇರುತ್ತದೆ. ಆ ವಯಸ್ಸಿನಲ್ಲಿ ಕಂಡರೆ ಮೂತ್ರಪಿಂಡ, ಥೈರಾಯ್ಡ್, ಸಕ್ಕರೆ ಇವನ್ನೂ ಒಮ್ಮೆ ಪರೀಕ್ಷೆ ಮಾಡಿಸುತ್ತಾರೆ. ತಲೆ ತಿರುಗುವುದಿಲ್ಲ, ನೋವಿಲ್ಲ, ಏನೂ ಗೊತ್ತಾಗುವುದಿಲ್ಲ. ಪಟ್ಟಿ ಕಟ್ಟಿ ನೋಡಿದರೆ ಮಾತ್ರ ಗೊತ್ತು.

ನನ್ನ ಮಾತು ಇರುವುದು ಇಲ್ಲಿ. ನಮ್ಮ ಕಡೆ ಮೂರು ತಿಂಗಳು ತುಂಬುವ ತನಕ ಬಸುರಿನ ಸುದ್ದಿ ಹೊರಗೆ ಹಾಕುವುದಿಲ್ಲ. ದೃಷ್ಟಿ ಆಗುತ್ತದೆ, ನಿಲ್ಲದಿದ್ದರೆ ಜನ ಆಡಿಕೊಳ್ಳುತ್ತಾರೆ. ಈ ಸಂಕೋಚವನ್ನು ನಾನು ಹಗುರವಾಗಿ ನೋಡುವುದಿಲ್ಲ, ನನ್ನ ಮನೆಯಲ್ಲೂ ಹಾಗೆಯೇ ನಡೆದಿದೆ. ಆದರೆ ಓಣಿಗೆ ಮುಚ್ಚಿಡುವುದು ಬೇರೆ, ನರ್ಸ್ ಬಾಯಿಗೆ ಮುಚ್ಚಿಡುವುದು ಬೇರೆ. ಮುಟ್ಟು ತಪ್ಪಿ ಎರಡು ತಿಂಗಳಾಗುವಷ್ಟರಲ್ಲಿ ಒಮ್ಮೆ ಬಿ.ಪಿ. ನೋಡಿಸಿ ಬರೆಸಿಕೊಂಡರೆ ಯಾವ ದೃಷ್ಟಿಯೂ ಆಗುವುದಿಲ್ಲ. ಪ್ರತಿ ತಿಂಗಳ 9ನೇ ತಾರೀಖಿನ ತಪಾಸಣೆ 2016ರಿಂದ ಇದೆಯಲ್ಲ ಎನ್ನಬಹುದು. ಅದು ಮುಖ್ಯವಾಗಿ ನಾಲ್ಕನೇ ತಿಂಗಳಿನಿಂದ ಮುಂದಿನವರಿಗೆ. ಅದಕ್ಕಾಗಿ ಕಾಯುತ್ತಾ ಕೂತರೆ ಮೊದಲ ಅಂಕಿ ಕಳೆದುಹೋಗುತ್ತದೆ.

ಇನ್ನು ಗುಳಿಗೆಯ ಮಾತು. ಇಲ್ಲಿ ಎರಡು ಬಗೆಯ ತಪ್ಪು ನೋಡಿದ್ದೇನೆ. ಮೊದಲೇ ಬಿ.ಪಿ. ಗುಳಿಗೆ ತೆಗೆದುಕೊಳ್ಳುತ್ತಿದ್ದವರು ಬಸುರಾದ ಕೂಡಲೇ ಕೂಸಿಗೆ ಕೆಡುಕು ಎಂದು ತಾವೇ ಬಿಟ್ಟುಬಿಡುತ್ತಾರೆ. ಕೆಲವರು ಯಾರಿಗೂ ಹೇಳದೆ ಹಳೆಯ ಗುಳಿಗೆಯನ್ನೇ ಮುಂದುವರಿಸುತ್ತಾರೆ. ಎರಡೂ ಅಪಾಯ. ಎನಲಾಪ್ರಿಲ್, ರಾಮಿಪ್ರಿಲ್, ಲೊಸಾರ್ಟನ್, ಟೆಲ್ಮಿಸಾರ್ಟನ್ ಇಂಥವು ಬಸುರಿನಲ್ಲಿ ಬೇಡ, ಕೂಸಿನ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲವು. ಬಸುರಾಗಬೇಕು ಎಂದುಕೊಂಡಾಗಲೇ ಡಾಕ್ಟರಿಗೆ ಹೇಳಿ ಬದಲಿಸಿಕೊಳ್ಳಬೇಕು. ಹೇಳದೆಯೇ ಬಸುರಾದರೆ ಗೊತ್ತಾದ ದಿನವೇ ಹೋಗಬೇಕು. ಬದಲಿಗೆ ಕೊಡುವಂಥವು ಇವೆ: ಲ್ಯಾಬೆಟಲಾಲ್, ನಿಫೆಡಿಪಿನ್, ಮಿಥೈಲ್‌ಡೋಪಾ. ಬಹಳ ವರ್ಷಗಳಿಂದ ಬಸುರಿಯರಿಗೆ ಕೊಡುತ್ತಾ ಬಂದವು. ಯಾವುದು, ಎಷ್ಟು ಎನ್ನುವುದು ಡಾಕ್ಟರರ ಕೆಲಸ. ಔಷಧ ಅಂಗಡಿಯವನದಲ್ಲ, ನನ್ನದಂತೂ ಅಲ್ಲ.

ಮೊದಲೆಲ್ಲ ಸ್ವಲ್ಪ ಏರಿದರೆ ಡಾಕ್ಟರರಲ್ಲೇ ಅನೇಕರು ಬಿಟ್ಟು ನೋಡೋಣ ಎನ್ನುತ್ತಿದ್ದರು. ಗುಳಿಗೆಯಿಂದ ಕೂಸು ಸಣ್ಣದಾಗುತ್ತದೆ ಎಂಬ ಹೆದರಿಕೆ ಇತ್ತು. 2022ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ, ಮೊದಲಿನಿಂದ ಸ್ವಲ್ಪ ಬಿ.ಪಿ. ಇದ್ದ ಸುಮಾರು 2400 ಬಸುರಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 140/90ರ ಕೆಳಗೆ ಬರುವಂತೆ ಗುಳಿಗೆ, ಇನ್ನೊಂದಕ್ಕೆ ಬಹಳ ಏರಿದರೆ ಮಾತ್ರ. ಗುಳಿಗೆಯ ಗುಂಪಿನಲ್ಲಿ ತೀವ್ರ ನಂಜು, ಅವಧಿಗೆ ಬಹಳ ಮೊದಲೇ ಹೆರಿಗೆ ಮಾಡಿಸುವ ಪ್ರಸಂಗ, ಮಾಸು ಕಳಚುವುದು, ಕೂಸು ಹೋಗುವುದು ಇವೆಲ್ಲ ಸೇರಿ ನೂರಕ್ಕೆ 30 ಮಂದಿಗೆ, ಇನ್ನೊಂದು ಗುಂಪಿನಲ್ಲಿ ನೂರಕ್ಕೆ 37 ಮಂದಿಗೆ. ಸಣ್ಣ ಕೂಸುಗಳೇನೂ ಹೆಚ್ಚಾಗಲಿಲ್ಲ. ಆದ್ದರಿಂದ ಡಾಕ್ಟರು ಗುಳಿಗೆ ಬರೆದರೆ "ಚಟ ಬೀಳತೈತಿ" ಎಂದು ನೆರೆಮನೆಯ ಅಜ್ಜಿ ಹೇಳುವ ಮಾತನ್ನು ಕೇಳಬೇಡಿ.

ಹೀಗೆ ಅಪಾಯ ಇರುವವರಿಗೆ 12 ವಾರ ತುಂಬಿದ ಮೇಲೆ ಆಸ್ಪಿರಿನ್ ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. ಮುಂದೆ ನಂಜು ಏರುವುದನ್ನು ಅದು ತಕ್ಕಮಟ್ಟಿಗೆ ತಡೆಯುತ್ತದೆ. 16 ವಾರದೊಳಗೆ ಶುರು ಮಾಡಿದರೆ ಒಳ್ಳೆಯದು. ನೋಡಿ, ಇದಕ್ಕೂ ಮೊದಲ ಮೂರು ತಿಂಗಳಲ್ಲಿ ತೋರಿಸಿರಬೇಕು! ತಲೆನೋವಿಗೆ ಅಂಗಡಿಯಲ್ಲಿ ಸಿಗುವುದನ್ನು ತಂದು ನುಂಗುವುದು ಇದಲ್ಲ. ನಾಲ್ಕನೇ ತಿಂಗಳಿನಿಂದ ಸರಕಾರಿ ಕೇಂದ್ರದಲ್ಲಿ ಪುಕ್ಕಟೆ ಸಿಗುವ ಕ್ಯಾಲ್ಸಿಯಂ ಗುಳಿಗೆ ದಿನಕ್ಕೆ ಎರಡು. ಅದನ್ನು ಕಬ್ಬಿಣದ ಗುಳಿಗೆಯ ಜೊತೆಗೇ ನುಂಗಬಾರದು, ಹೊತ್ತು ಬೇರೆ ಮಾಡಬೇಕು.

ಮನೆಯಲ್ಲಿ ಏನು ಮಾಡುತ್ತಾರೆ? ಉಪ್ಪನ್ನು ಪೂರ್ತಿ ಬಿಡಿಸುತ್ತಾರೆ. ಮೊದಲೇ ವಾಂತಿಯಾಗಿ ಅರ್ಧ ರೊಟ್ಟಿ ತಿನ್ನುವ ಹುಡುಗಿಗೆ ಸಪ್ಪೆ ಸಾರು ಕೊಟ್ಟರೆ ಅದನ್ನೂ ಬಿಡುತ್ತಾಳೆ. ಅಷ್ಟು ಬೇಡ. ಉಪ್ಪಿನಕಾಯಿ, ಹಪ್ಪಳ, ಸಂತೆಯಿಂದ ತರುವ ಫರಸಾಣ ಇವನ್ನು ಕಡಿಮೆ ಮಾಡಿ, ಅಡಿಗೆಗೆ ಹಿತಮಿತವಾಗಿ ಹಾಕಿದರೆ ಸಾಕು. ಬಿಡಿಸಲೇಬೇಕಾದದ್ದು ಮಿಶ್ರಿ. ಹಲ್ಲಿಗೆ ಹಚ್ಚಿಕೊಳ್ಳುವುದು ತಂಬಾಕಲ್ಲ ಎಂದು ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ನಂಬಿದ್ದಾರೆ. ಅದು ಸುಟ್ಟ ತಂಬಾಕೇ. ಒತ್ತಡ ಏರಿಸುತ್ತದೆ, ಕೂಸಿನ ತೂಕ ಇಳಿಸುತ್ತದೆ. ಅತ್ತೆ ಬೆಳಿಗ್ಗೆ ಡಬ್ಬಿ ತೆಗೆದು ಕೂತರೆ ಸೊಸೆ ಬಿಡುವುದು ಹೇಗೆ, ಅದನ್ನು ಅತ್ತೆಯಂದಿರೇ ಯೋಚಿಸಬೇಕು.

ನೋಡುವ ರೀತಿಯಲ್ಲೂ ತಪ್ಪಾಗುತ್ತದೆ. ಟಂಟಂನಲ್ಲಿ ಕುಲುಕಿಕೊಂಡು ಬಂದವಳಿಗೆ ನಿಂತ ಕಾಲಲ್ಲಿ ಪಟ್ಟಿ ಕಟ್ಟಿದರೆ ಯಾವ ಅಂಕಿಯಾದರೂ ಬಂದೀತು. ಐದು ನಿಮಿಷ ಸುಮ್ಮನೆ ಕೂಡಬೇಕು, ಬೆನ್ನಿಗೆ ಆಸರೆ ಬೇಕು, ಕಾಲು ನೆಲಕ್ಕೆ ಊರಿರಬೇಕು. ಕೈ ಎದೆಯ ಮಟ್ಟಕ್ಕಿರಬೇಕು. ಪಟ್ಟಿ ತೋಳಿಗೆ ಸರಿಹೊಂದಬೇಕು. ಅರ್ಧ ತಾಸು ಮೊದಲು ಚಹಾ ಬೇಡ, ಮೂತ್ರಕ್ಕೆ ಹೋಗಿ ಬಂದಿರಬೇಕು, ನೋಡುವಾಗ ಮಾತು ಬೇಡ. ಹೆಚ್ಚು ಬಂದರೆ ಇನ್ನೊಮ್ಮೆ ನೋಡಿಸಬೇಕು. ಒಂದೇ ಸಲದ ಅಂಕಿಗೆ ಅಳುವುದೂ ಬೇಡ, ಅಲಕ್ಷ್ಯವೂ ಬೇಡ. ಆದರೆ 160/110 ಬಂದರೆ ನಾಳೆ ಎನ್ನಬಾರದು, ಅದೇ ಹೊತ್ತಿಗೆ ದವಾಖಾನೆ. ಮುಂದಿನ ತಿಂಗಳುಗಳಲ್ಲಿ ಜೋರು ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಮುಖ ಬಾವು ಬಂದರೂ ಹಾಗೆಯೇ. ಓಣಿಯ ಬಚತ್ ಗಟದವರು ಕೂಡಿ ತೋಳಿಗೆ ಕಟ್ಟುವ ಒಂದು ಮಶೀನು ಕೊಂಡು, ಆಶಾ ಕಾರ್ಯಕರ್ತೆಯ ಕೈಯಲ್ಲಿ ದವಾಖಾನೆಯದರ ಜೊತೆ ಒಮ್ಮೆ ತಾಳೆ ನೋಡಿಸಿ ಇಟ್ಟುಕೊಳ್ಳಬಹುದು. ಹೋಳಿಗೆ ಖರ್ಚು ಮಾಡುವಷ್ಟೂ ಆಗುವುದಿಲ್ಲ.

ಶಾಲೆಗೂ ಇದಕ್ಕೂ ಏನು ಸಂಬಂಧ ಎಂದು ಕೇಳಿದವರಿದ್ದಾರೆ. ಮರಾಠಿ ಕಲಿಸಿ, ಎಲ್ಲ ಸರಿಹೋಗುತ್ತದೆ ಎಂದವರೂ ಇದ್ದಾರೆ. ಕಲಿಸುತ್ತಿದ್ದೇವೆ. ನಮ್ಮ ಮಕ್ಕಳು ಕನ್ನಡ, ಮರಾಠಿ ಎರಡನ್ನೂ ಓದುತ್ತಾರೆ. ಆದರೆ ಇಂಡಿ, ಚಡಚಣ, ಅಥಣಿ ಕಡೆಯಿಂದ ಮದುವೆಯಾಗಿ ಬರುವ ಸೊಸೆಯರು ಮರಾಠಿ ಶಾಲೆಯ ಮುಖ ನೋಡಿದವರಲ್ಲ. ಅವರು ಕಲಿಯುವಷ್ಟರಲ್ಲಿ ಎರಡು ಹೆರಿಗೆ ಆಗಿರುತ್ತವೆ. ಗಡಿ ಯಾರದು ಎಂಬ ಮಹಾಜನ ವರದಿಯ ವಾದ ನನಗೆ ಇವತ್ತು ಬೇಡ. ಕಾರ್ಡಿನ ಒಂದು ಪುಟ, ಒಂದೇ ಪುಟ, ಈ ತಾಲೂಕುಗಳಲ್ಲಿ ಕನ್ನಡದಲ್ಲೂ ಇರಲಿ ಎಂದು ಕೇಳುವುದು ಯಾರ ವಿರುದ್ಧವೂ ಅಲ್ಲ. ಆ ಕಡೆಯಿಂದ ಹೆರಿಗೆಗೆ ಈ ಕಡೆ ತವರಿಗೆ ಬರುವವರ ತಾಯಿ ಕಾರ್ಡು ಕನ್ನಡದಲ್ಲಿರುತ್ತದೆ, ನಮ್ಮ ನರ್ಸ್ ಬಾಯಿಯಂದಿರೂ ಅಷ್ಟೇ ಕಷ್ಟ ಪಡುತ್ತಾರೆ.

ಕೇಳಿದ್ದು ಸಿಗುವ ತನಕ ಸುಮ್ಮನೆ ಕೂಡುವುದೇಕೆ ಎಂದು ನಾವು ಶಾಲೆಯಲ್ಲಿ ಒಂದು ಚೀಟಿ ಮಾಡಿದೆವು. ಹತ್ತನೇ ತರಗತಿಯ ಹುಡುಗಿಯರೇ ಬರೆದರು. ಮುಟ್ಟು ತಪ್ಪಿದ ತಾರೀಖು, ಮೊದಲ ಬಿ.ಪಿ. ಮತ್ತು ನೋಡಿದ ತಾರೀಖು, ಗುಳಿಗೆಯ ಹೆಸರು, ಅದನ್ನು ಮುಂದುವರಿಸಬೇಕೋ ಬಿಡಬೇಕೋ, ಮತ್ತೆ ಯಾವಾಗ ಬರಬೇಕು. ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ. ನಾಲ್ಕನೇ ಸಾಲನ್ನು ಡಾಕ್ಟರ ಎದುರಿಗೇ ತುಂಬಿಸಿಕೊಳ್ಳಬೇಕು. ವಿಜ್ಞಾನದ ಪುಸ್ತಕದಲ್ಲಿ ರಕ್ತ ಪರಿಚಲನೆ ಇದೆ, ಹೃದಯದ ಚಿತ್ರ ಬಿಡಿಸಿ ಐದು ಅಂಕ ತೆಗೆಯುತ್ತಾರೆ. ಮೇಲಿನ ಅಂಕಿ ಯಾವುದು, ಕೆಳಗಿನ ಅಂಕಿ ಯಾವುದು ಎಂದು ಈ ಚೀಟಿ ಬರೆಯುವಾಗಲೇ ಅವರಿಗೆ ನಿಜವಾಗಿ ತಿಳಿದದ್ದು.

ಆ ಹುಡುಗಿಗೆ 34ನೇ ವಾರದಲ್ಲಿ ಹೆರಿಗೆ ಮಾಡಿಸಿದರು. ಕೂಸು ಒಂದು ಕಿಲೋ ಏಳುನೂರು ಗ್ರಾಮು ಇತ್ತು. ಹದಿನೆಂಟು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಈಗ ಮನೆ ತುಂಬ ಹರಿದಾಡುತ್ತದೆ. ತಾಯಿಯ ಬಿ.ಪಿ. ಹೆರಿಗೆಯ ನಂತರವೂ ಇಳಿದಿಲ್ಲ, ಗುಳಿಗೆ ನಡೆದಿದೆ. ಇನ್ನೊಂದು ಕೂಸು ಬೇಕೆಂದರೆ ಮೊದಲೇ ಬಂದು ಹೇಳಬೇಕು ಎಂದು ಡಾಕ್ಟರು ಹೇಳಿದ್ದಾರಂತೆ. ಚೀಟಿಯನ್ನು ಅತ್ತೆಯೇ ಒಯ್ದು ಕಪಾಟಿನ ಒಳಗಡೆ ಅಂಟಿಸಿದ್ದಾರೆ.

ಮುಂದಿನ ಪಾಲಕರ ಸಭೆಯಲ್ಲಿ ಆಫೀಸಿನ ಮೇಜಿನ ಮೇಲೆ ಚೀಟಿಗಳ ಕಟ್ಟು ಇಟ್ಟಿರುತ್ತೇನೆ. ಹೆಸರು ಹೇಳಬೇಕಾಗಿಲ್ಲ, ಯಾರಿಗೆಂದು ನಾನು ಕೇಳುವುದೂ ಇಲ್ಲ. ಮರಾಠಿ ಕಾರ್ಡು ಓದಿಸಿಕೊಳ್ಳಬೇಕಾದವರು ಸಂಜೆ ಶಾಲೆ ಬಿಟ್ಟ ಮೇಲೆ ಯಾವತ್ತಾದರೂ ಬರಬಹುದು.